ಅಧಿಕ ರಕ್ತದೊತ್ತಡ: ಬೆಳಗಿನ ನಡಿಗೆಯೂ ಅಂಗಡಿಯ ಕುರ್ಚಿಯೂ

ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ಪುತ್ತೂರಿನ ಶ್ರೀ ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ಗದ್ದೆಯ ಬದಿಯಲ್ಲಾಗಲಿ, ಸುಳ್ಯ ಪೇಟೆಯಿಂದ ಹೊರಡುವ ರಸ್ತೆಗಳಲ್ಲಾಗಲಿ, ಕಡಬ ಪೇಟೆಯ ಅಂಚಿನಲ್ಲಾಗಲಿ ನೋಡಿದರೆ ನಡಿಗೆಗೆ ಹೊರಟ ವರ್ತಕ ಬಂಧುಗಳು ಅನೇಕರು ಕಾಣಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ವೈದ್ಯರ ಸಲಹೆಯ ಮೇರೆಗೆ ನಡೆಯುವವರು. ರಕ್ತದೊತ್ತಡ ಹೆಚ್ಚಿದೆಯೆಂದು ತಿಳಿದ ದಿನದಿಂದ ಅರ್ಧ ಗಂಟೆಯ ನಡಿಗೆಯನ್ನು ವ್ರತದಂತೆ ಪಾಲಿಸುವವರೂ ಇದ್ದಾರೆ. ಆದರೂ ಕೆಲವು ತಿಂಗಳು ಕಳೆದ ಮೇಲೆ, "ಮಾತ್ರೆಯನ್ನೂ ಬಿಟ್ಟಿಲ್ಲ, ವಾಕಿಂಗನ್ನೂ ಬಿಟ್ಟಿಲ್ಲ, ಬಿ.ಪಿ. ಮಾತ್ರ ಇಳಿಯುವುದಿಲ್ಲವಲ್ಲ" ಎಂಬ ಮಾತು ಅವರಿಂದಲೇ ಕೇಳಿಬರುತ್ತದೆ.

ಇದಕ್ಕೆ ಕಾರಣಗಳು ಹಲವಿರಬಹುದು. ಊಟದಲ್ಲಿನ ಉಪ್ಪು, ನಿದ್ರೆಯ ಕೊರತೆ, ಮಾತ್ರೆಯ ಪ್ರಮಾಣ, ಮೂತ್ರಪಿಂಡದ ತೊಂದರೆ ಇವೆಲ್ಲವನ್ನೂ ವೈದ್ಯರು ಪರಿಶೀಲಿಸಬೇಕಾಗುತ್ತದೆ. ಆದರೆ ವ್ಯಾಪಾರಸ್ಥರ ವಿಷಯದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಕಾರಣವೊಂದಿದೆ. ನಡಿಗೆ ಮುಗಿಸಿ, ಸ್ನಾನ ಉಪಾಹಾರ ತೀರಿಸಿ, ಎಂಟೂವರೆಗೆ ಅಂಗಡಿಯ ಬಾಗಿಲು ತೆರೆದವರು ರಾತ್ರಿ ಎಂಟಕ್ಕೆ ಬಾಗಿಲು ಹಾಕುವ ತನಕ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ? ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಅರ್ಧ ಗಂಟೆ ನಡಿಗೆಗೆ ಸಂದರೆ, ಒಂಬತ್ತು ಹತ್ತು ಗಂಟೆ ಕುಳಿತಲ್ಲೇ ಕಳೆಯುತ್ತದೆ. ಕಳೆದ ಎರಡು ದಶಕಗಳಲ್ಲಿ ವೈದ್ಯಕೀಯ ಸಂಶೋಧನೆಯು ಸ್ಪಷ್ಟಪಡಿಸಿರುವ ಸಂಗತಿಯೆಂದರೆ, ವ್ಯಾಯಾಮ ಮಾಡುವುದು ಮತ್ತು ಕುಳಿತೇ ಇರುವುದು ಇವೆರಡೂ ದೇಹದ ಲೆಕ್ಕದಲ್ಲಿ ಬೇರೆ ಬೇರೆ ಖಾತೆಗಳು. ಒಂದರಲ್ಲಿ ಜಮೆ ಇದೆಯೆಂದು ಇನ್ನೊಂದರ ಸಾಲ ತಾನಾಗಿ ವಜಾ ಆಗುವುದಿಲ್ಲ.

ಕುಳಿತು ಮಾಡುವ ವ್ಯಾಪಾರ

ನಮ್ಮ ಭಾಗದ ವ್ಯಾಪಾರ ಮೊದಲಿನಿಂದಲೂ ಹೀಗಿರಲಿಲ್ಲ. ಪುತ್ತೂರಿನ ಸೋಮವಾರ ಸಂತೆಗೆ ಸುತ್ತಲಿನ ಗ್ರಾಮಗಳಿಂದ ತಲೆಹೊರೆಯಲ್ಲಿ ಸಾಮಾನು ಬರುತ್ತಿದ್ದ ಕಾಲವನ್ನು ಹಿರಿಯ ಸದಸ್ಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಅಡಿಕೆ ವ್ಯಾಪಾರಿಯು ತೋಟದಿಂದ ತೋಟಕ್ಕೆ ಹೋಗಿ, ಅಂಗಳದಲ್ಲಿ ಒಣಗಲು ಹರವಿದ ಮಾಲನ್ನು ಕೈಯಲ್ಲಿ ಹಿಡಿದು ನೋಡಿ ದರ ಕಟ್ಟುತ್ತಿದ್ದನು. ದಿನಸಿ ವ್ಯಾಪಾರಿಯು ತಾನೇ ತಕ್ಕಡಿ ಎತ್ತಿ, ಅಟ್ಟದಿಂದ ಡಬ್ಬಿ ಇಳಿಸಿ ಕೊಡುತ್ತಿದ್ದನು. ಈಗ ಮಾರುಕಟ್ಟೆಯ ಧಾರಣೆ ಮೊಬೈಲಿಗೆ ಬರುತ್ತದೆ. ತೂಕವನ್ನು ಎಲೆಕ್ಟ್ರಾನಿಕ್ ತಕ್ಕಡಿ ತೋರಿಸುತ್ತದೆ. ಬಿಲ್ಲನ್ನು ಕಂಪ್ಯೂಟರ್ ಬರೆಯುತ್ತದೆ. ಹಣ ಪಡೆಯಲು ಕೈ ಚಾಚಬೇಕಾಗಿಯೂ ಇಲ್ಲ, ಗ್ರಾಹಕನು ಫಲಕವನ್ನು ಸ್ಕ್ಯಾನ್ ಮಾಡಿದರಾಯಿತು. ಹಾಳೆತಟ್ಟೆ ತಯಾರಿಸುವ ಘಟಕವಿರಲಿ, ಮರದ ಮಿಲ್ಲಿರಲಿ, ಗೇರುಬೀಜದ ಕಾರ್ಖಾನೆಯಿರಲಿ, ಮಾಲೀಕನಾದವನ ಕೆಲಸವು ಯಂತ್ರದ ಬಳಿಯಿಂದ ಮೇಜಿನ ಬಳಿಗೆ ಸರಿದಿದೆ. ಜಿ.ಎಸ್.ಟಿ. ವಿವರ ಸಲ್ಲಿಕೆ, ಬ್ಯಾಂಕಿನ ವ್ಯವಹಾರ, ಮಾಲು ತರಿಸುವುದು ಎಲ್ಲವೂ ಕುಳಿತಲ್ಲಿಯೇ ಆಗುತ್ತದೆ. ಇದರಲ್ಲಿ ಸಮಯದ ಉಳಿತಾಯವೂ ಲಾಭವೂ ಇದೆ, ಅಲ್ಲಗಳೆಯುವಂತಿಲ್ಲ. ಜೊತೆಗೆ ನಮ್ಮ ಊರಿನ ಸೌಜನ್ಯವೂ ಕುಳಿತುಕೊಳ್ಳುವುದರಲ್ಲೇ ಇದೆ. ಅಂಗಡಿಗೆ ಬಂದವರಿಗೆ ತುಳುವಿನಲ್ಲಿ ಹೇಳುವ ಮೊದಲ ಮಾತು "ಕುಲ್ಲುಲೆ" ಎಂಬುದು!

ರಕ್ತದೊತ್ತಡವೆಂದರೆ ಹೃದಯವು ತಳ್ಳಿದ ರಕ್ತವು ಅಪಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡ. ಹೃದಯ ಕುಗ್ಗಿದಾಗಿನ ಒತ್ತಡವನ್ನು ಮೇಲಿನ ಅಂಕಿಯೂ, ಹಿಗ್ಗಿ ವಿಶ್ರಮಿಸುವಾಗಿನ ಒತ್ತಡವನ್ನು ಕೆಳಗಿನ ಅಂಕಿಯೂ ಸೂಚಿಸುತ್ತವೆ. ಚಿಕಿತ್ಸಾಲಯದಲ್ಲಿ ಬೇರೆ ಬೇರೆ ದಿನಗಳಲ್ಲಿ ಅಳೆದಾಗ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ನಮ್ಮ ದೇಶದಲ್ಲಿ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ. ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟ ಭಾರತೀಯ ಪುರುಷರಲ್ಲಿ ಶೇ. 24, ಸ್ತ್ರೀಯರಲ್ಲಿ ಶೇ. 21 ಮಂದಿಗೆ ಈ ತೊಂದರೆಯಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ವಯಸ್ಕರಲ್ಲಿ ಶೇ. 35.5 ಎಂಬ ಇನ್ನೂ ದೊಡ್ಡ ಅಂಕಿಯನ್ನು ನೀಡಿತು. ಯಾವ ಅಂಕಿಯನ್ನು ಹಿಡಿದರೂ, ಹತ್ತು ಮಂದಿ ಸೇರಿದ ಸಭೆಯಲ್ಲಿ ಎರಡು ಮೂರು ಮಂದಿಗಾದರೂ ಇದು ಸ್ವಂತ ವಿಷಯ.

ಇಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಮಾತೊಂದನ್ನು ನೇರವಾಗಿ ಹೇಳಬೇಕಾಗಿದೆ. ನಮ್ಮ ಮೂರು ತಾಲೂಕುಗಳ ಅನೇಕ ವ್ಯಾಪಾರ ಸಂಸ್ಥೆಗಳು ಒಬ್ಬ ಮಾಲೀಕನ ಸಂಸ್ಥೆಗಳು. ಯಾರಿಗೆ ಎಷ್ಟು ಕಡ, ಯಾರಿಂದ ಎಷ್ಟು ಬಾಕಿ, ಯಾವ ಮಾಲು ಯಾವ ದರಕ್ಕೆ ಒಪ್ಪಿದ್ದು ಎಂಬುದರಲ್ಲಿ ಅರ್ಧ ಪುಸ್ತಕದಲ್ಲಿದ್ದರೆ ಇನ್ನರ್ಧ ಅವರ ತಲೆಯಲ್ಲಿರುತ್ತದೆ. ಅಧಿಕ ರಕ್ತದೊತ್ತಡವು ಮೊದಲಿಗೆ ಏಟು ಹಾಕುವ ಅಂಗಗಳಲ್ಲಿ ಮೆದುಳೂ ಒಂದು. ಪಾರ್ಶ್ವವಾಯು ಬಡಿದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯದಿಂದ 85ರಷ್ಟು, ಸುಬ್ರಹ್ಮಣ್ಯದಿಂದ ನೂರಕ್ಕೂ ಹೆಚ್ಚು. ಮಳೆಗಾಲದ ರಾತ್ರಿಯಲ್ಲಿ ಆ ದಾರಿ ಎಷ್ಟು ಹೊತ್ತಿನದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಬಸ್ಸಿನ ಚಾಲಕ, ಬಸ್ಸಿನ ನಿರ್ವಾಹಕ

ಕುಳಿತು ಮಾಡುವ ಕೆಲಸಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಮೊದಲು ವ್ಯವಸ್ಥಿತವಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜೆರ್ರಿ ಮಾರಿಸ್ ಎಂಬ ವೈದ್ಯರು. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನವು ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತದ್ದು. ಚಾಲಕ ಮತ್ತು ನಿರ್ವಾಹಕ ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಪಾಳಿಯಲ್ಲಿ ಕೆಲಸ ಮಾಡುವವರು. ವ್ಯತ್ಯಾಸವಿಷ್ಟೇ: ಚಾಲಕನು ಪಾಳಿಯ ಬಹುಭಾಗ ಕುಳಿತಿರುತ್ತಾನೆ, ನಿರ್ವಾಹಕನು ಟಿಕೇಟು ಕೊಡುತ್ತ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿಯುತ್ತಾನೆ. ಹೃದಯಾಘಾತವು ನಿರ್ವಾಹಕರಲ್ಲಿ ಗಮನಾರ್ಹವಾಗಿ ಕಡಿಮೆಯಿತ್ತು. ಬಂದವರಲ್ಲಿಯೂ ಅದರ ತೀವ್ರತೆ ಕಡಿಮೆಯಿತ್ತು. ಅಂಚೆ ಇಲಾಖೆಯಲ್ಲಿ ಪತ್ರ ಹಂಚುವ ಅಂಚೆಯವರನ್ನು ಮೇಜಿನ ಗುಮಾಸ್ತರೊಂದಿಗೆ ಹೋಲಿಸಿದಾಗಲೂ ಇದೇ ಚಿತ್ರ ಕಂಡಿತು.

ಈ ಅಧ್ಯಯನಕ್ಕೆ ಆಕ್ಷೇಪಗಳೂ ಬಂದವು. ಮಾರಿಸ್ ಅವರೇ 1956ರಲ್ಲಿ ಸಿಬ್ಬಂದಿಯ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿ, ಚಾಲಕರ ಸೊಂಟದ ಸುತ್ತಳತೆ ಮೊದಲಿನಿಂದಲೂ ಹೆಚ್ಚಿತ್ತೆಂದು ಪ್ರಾಮಾಣಿಕವಾಗಿ ಬರೆದರು. ಅಂದರೆ ಇಡೀ ವ್ಯತ್ಯಾಸವನ್ನು ಮೆಟ್ಟಿಲಿನ ಲೆಕ್ಕಕ್ಕೆ ಹಾಕುವಂತಿಲ್ಲ. ಆದರೆ ಅನಂತರದ ಎಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಮೂಲ ವಿಚಾರವನ್ನು ಎತ್ತಿಹಿಡಿದಿವೆ. ನಮ್ಮ ಪೇಟೆಯ ಯಾವುದೇ ದೊಡ್ಡ ಅಂಗಡಿಯಲ್ಲಿ ಗಲ್ಲಾದಲ್ಲಿರುವವರನ್ನೂ ಮಾಲು ತೆಗೆದು ಕೊಡುವ ಹುಡುಗರನ್ನೂ ಒಂದು ದಿನ ಗಮನಿಸಿದರೆ ಲಂಡನ್ನಿನ ಬಸ್ಸು ಇಲ್ಲಿಯೇ ಇದೆಯೆನಿಸುತ್ತದೆ.

ಕುಳಿತಾಗ ದೇಹದಲ್ಲಿ ಏನಾಗುತ್ತದೆ? ಕಾಲಿನ ಮೀನಖಂಡದ ಸ್ನಾಯುಗಳು ನಡೆಯುವಾಗ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತವೆ. ಅವನ್ನು ಎರಡನೆಯ ಹೃದಯವೆಂದು ಕರೆಯುವ ವೈದ್ಯರಿದ್ದಾರೆ. ಗಂಟೆಗಟ್ಟಲೆ ಕುಳಿತಾಗ ಈ ಪಂಪು ನಿಂತುಹೋಗಿ ಕಾಲುಗಳಲ್ಲಿ ರಕ್ತ ತಂಗುತ್ತದೆ. ಸಂಜೆ ಚಪ್ಪಲಿ ಬಿಗಿಯಾಗುವುದು ಅದರ ಹೊರಗುರುತು. ರಕ್ತದ ಹರಿವು ನಿಧಾನವಾದಾಗ ಅಪಧಮನಿಯ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಕಡಿಮೆ ಉತ್ಪಾದಿಸುತ್ತದೆ. ನಾಳಗಳನ್ನು ಸಡಿಲಗೊಳಿಸಿ ಅಗಲಿಸುವ ವಸ್ತು ಅದೇ. ಅದು ಕಡಿಮೆಯಾದರೆ ನಾಳಗಳು ಬಿಗಿಯಾಗುತ್ತವೆ, ಒತ್ತಡ ಏರುತ್ತದೆ. ಇದರ ಮೇಲೆ ವ್ಯಾಪಾರದ ಉದ್ವೇಗ, ಚೆಕ್ಕು ಹಿಂತಿರುಗಿದ ಸುದ್ದಿ, ಧಾರಣೆ ಕುಸಿದ ಚಿಂತೆ ಸೇರಿದರೆ ನರಮಂಡಲವು ನಾಳಗಳನ್ನು ಮತ್ತಷ್ಟು ಬಿಗಿಗೊಳಿಸುತ್ತದೆ.

ಇದನ್ನು ಪ್ರಯೋಗದಿಂದಲೂ ನೋಡಿದ್ದಾರೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 24 ಮಂದಿ ಮಧುಮೇಹಿಗಳನ್ನು ಒಂದು ದಿನ ಎಂಟು ಗಂಟೆ ಸತತ ಕುಳ್ಳಿರಿಸಿ, ಇನ್ನೊಂದು ದಿನ ಪ್ರತಿ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ನಿಧಾನವಾಗಿ ನಡೆಸಿ, ಮತ್ತೊಂದು ದಿನ ಅಷ್ಟೇ ಹೊತ್ತು ನಿಂತಲ್ಲೇ ಮೊಣಕಾಲು ಬಗ್ಗಿಸುವ, ಹಿಮ್ಮಡಿ ಎತ್ತುವ ಸರಳ ವ್ಯಾಯಾಮ ಮಾಡಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕುಳಿತ ದಿನಕ್ಕಿಂತ ನಡೆದ ದಿನ ಮೇಲಿನ ಅಂಕಿ ಸರಾಸರಿ 14, ಸರಳ ವ್ಯಾಯಾಮದ ದಿನ 16 ಮಿಲಿಮೀಟರಿನಷ್ಟು ಕಡಿಮೆಯಿತ್ತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಳಿಕೆ 4ರಿಂದ 5ರಷ್ಟಿತ್ತು. ಗಂಟೆಗೊಮ್ಮೆ ಒಂದೇ ನಿಮಿಷ ನಡೆದವರಲ್ಲೂ ಅದು ಕಂಡಿತು. ರಕ್ತದ ಸಕ್ಕರೆ ಇಳಿಯಬೇಕಾದರೆ ಮಾತ್ರ ಅರ್ಧ ಗಂಟೆಗೆ ಐದು ನಿಮಿಷದ ನಡಿಗೆ ಬೇಕಾಯಿತು. ಆ ಪ್ರಯೋಗದಲ್ಲಿದ್ದವರು ಹನ್ನೊಂದೇ ಮಂದಿ. ಇವು ಒಂದೊಂದು ದಿನದ ಸಣ್ಣ ಪ್ರಯೋಗಗಳಾದುದರಿಂದ, ಇಷ್ಟೇ ಇಳಿಯುತ್ತದೆಂದು ಯಾರೂ ಕರಾರು ಬರೆದುಕೊಡಲಾರರು. ಆದರೆ ಖರ್ಚು ಏನೂ ಇಲ್ಲದ, ಹಾನಿಯೂ ಇಲ್ಲದ ಉಪಾಯವೊಂದಕ್ಕೆ ಇಷ್ಟು ಆಧಾರ ಸಾಕೆಂಬುದು ನಮ್ಮ ಅಭಿಪ್ರಾಯ.

ನಡಿಗೆಯಿಂದ ಎಷ್ಟು ಇಳಿಯುತ್ತದೆ?

ಕುರ್ಚಿಯ ವಿಚಾರ ಹೇಳಿದೆವೆಂದು ಬೆಳಗಿನ ನಡಿಗೆ ನಿಷ್ಫಲವೆಂದು ಯಾರೂ ಭಾವಿಸಬಾರದು. ಅಧಿಕ ರಕ್ತದೊತ್ತಡವುಳ್ಳವರು ವಾರದ ಹೆಚ್ಚಿನ ದಿನಗಳಲ್ಲಿ ಬಿರುಸಾಗಿ ನಡೆದರೆ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಇದು ಸಣ್ಣದೆಂದು ಕಾಣಬಹುದು. ಆದರೆ ಸುಮಾರು ಮೂರೂವರೆ ಲಕ್ಷ ಮಂದಿಯ ಮೇಲೆ ನಡೆದ ಔಷಧ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮೇಲಿನ ಅಂಕಿ 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅಪಾಯಗಳು ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತವೆ. ಶೇಕಡಾ ಹತ್ತರ ಬೆಲೆ ವ್ಯಾಪಾರಿಗಿಂತ ಚೆನ್ನಾಗಿ ಬಲ್ಲವರಾರು?

ಒಂದು ಸಲದ ನಡಿಗೆಯ ಪರಿಣಾಮವು ಹಲವು ಗಂಟೆಗಳ ಕಾಲ, ಕೆಲವರಲ್ಲಿ ಹೆಚ್ಚುಕಡಿಮೆ ಇಡೀ ದಿನ ಉಳಿಯುತ್ತದೆ, ಮತ್ತೆ ಕರಗಿಹೋಗುತ್ತದೆ. ಆದುದರಿಂದ ಭಾನುವಾರ ಒಂದೇ ದಿನ ಎರಡು ಗಂಟೆ ನಡೆಯುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ನಡೆಯುವುದು ರಕ್ತದೊತ್ತಡದ ದೃಷ್ಟಿಯಿಂದ ಮೇಲು. ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಅಧಿಕ ರಕ್ತದೊತ್ತಡವುಳ್ಳವರನ್ನೂ ಸೇರಿಸಿ ಹೇಳುವುದಿಷ್ಟು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಶ್ರಮ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಕುಳಿತಿರುವ ಹೊತ್ತನ್ನು ಕಡಿಮೆ ಮಾಡುವುದು. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ನಿಯಮವನ್ನು ಅದು ಕೈಬಿಟ್ಟಿದೆ. ಎರಡು ಮೂರು ನಿಮಿಷದ ಓಡಾಟವೂ ಲೆಕ್ಕಕ್ಕೆ ಬರುತ್ತದೆ. ಮಧ್ಯಮ ಪ್ರಮಾಣವೆಂದರೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ. ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಗೆಳೆಯರೊಡನೆ ಧಾರಣೆಯ ಚರ್ಚೆ ಮಾಡುತ್ತ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ನಡಿಗೆಯನ್ನು ಇದಕ್ಕೆ ಸೇರಿಸಲಾಗದು.

ಕುಳಿತಿರುವ ಹೊತ್ತನ್ನು ನಡಿಗೆಯಿಂದಲೇ ಸರಿದೂಗಿಸಬೇಕೆಂದರೆ ಎಷ್ಟು ನಡೆಯಬೇಕಾದೀತು? ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಕ್ರೋಡೀಕರಿಸಿ 2016ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕುಳಿತಿರುವುದರಿಂದ ಬರುವ ಅಕಾಲ ಮರಣದ ಹೆಚ್ಚುವರಿ ಅಪಾಯ ಇಲ್ಲವಾಗಲು ದಿನಕ್ಕೆ 60ರಿಂದ 75 ನಿಮಿಷಗಳ ಮಧ್ಯಮ ಶ್ರಮ ಬೇಕು. ದಿನಾಲೂ ಒಂದೂಕಾಲು ಗಂಟೆ ನಡಿಗೆಗೆ ಬಿಡುವು ಮಾಡಿಕೊಳ್ಳಬಲ್ಲ ವರ್ತಕರು ವಿರಳ. ಅರ್ಧ ಗಂಟೆ ನಡೆದು, ಹಗಲಿನಲ್ಲಿ ಕುರ್ಚಿಯನ್ನು ಆಗಾಗ ಬಿಟ್ಟೇಳುವುದೇ ಹೆಚ್ಚಿನವರಿಗೆ ಸಾಧ್ಯವಾದ ದಾರಿ.

ಅಂಗಡಿಯಲ್ಲಿಯೇ ಮಾಡಬಹುದಾದದ್ದು

ಏಳಬೇಕೆಂದು ನೆನಪಿಟ್ಟುಕೊಂಡು ಏಳುವ ಅಭ್ಯಾಸವು ವ್ಯಾಪಾರದ ಗಡಿಬಿಡಿಯಲ್ಲಿ ನಾಲ್ಕು ದಿನವೂ ಉಳಿಯುವುದಿಲ್ಲ. ಏಳಲೇಬೇಕಾಗುವಂತೆ ವ್ಯವಸ್ಥೆಯನ್ನು ಬದಲಿಸುವುದು ಮೇಲು. ಬಿಲ್ಲು ಮುದ್ರಿಸುವ ಯಂತ್ರವನ್ನು ಕೈಗೆಟಕುವಲ್ಲಿಂದ ಹತ್ತು ಹೆಜ್ಜೆ ದೂರಕ್ಕೆ ಸರಿಸಬಹುದು. ಕುಡಿಯುವ ನೀರನ್ನು ಮೇಜಿನ ಮೇಲಿನ ದೊಡ್ಡ ಬಾಟಲಿಯಲ್ಲಿ ಇಡದೆ ಅಂಗಡಿಯ ಹಿಂಬದಿಯಲ್ಲಿಟ್ಟು, ಲೋಟದಲ್ಲಿ ಹೋಗಿ ಕುಡಿಯಬಹುದು. ಚಹಾ ತರಿಸುವ ಬದಲು ಹೋಗಿ ಕುಡಿಯಬಹುದು. ಮೊಬೈಲು ಕರೆ ಬಂದಾಗಲೆಲ್ಲ ಎದ್ದು ನಿಂತು, ಅಡ್ಡಾಡುತ್ತ ಮಾತನಾಡುವುದೊಂದೇ ನಿಯಮವನ್ನು ಪಾಲಿಸಿದರೂ, ದಿನಕ್ಕೆ ಐವತ್ತು ಕರೆ ಬರುವ ಅಡಿಕೆ ಅಥವಾ ರಬ್ಬರ್ ವ್ಯಾಪಾರಿಗೆ ಗಂಟೆಯ ಮೇಲೆ ನಡಿಗೆಯಾದೀತು. ದಾಸ್ತಾನಿನ ಪರಿಶೀಲನೆಯನ್ನು ತಿಂಗಳ ಕೊನೆಗೆ ಒಮ್ಮೆಲೇ ಮಾಡದೆ, ದಿನಕ್ಕೆ ಎರಡು ಸಲ ಸ್ವತಃ ಹೋಗಿ ಒಂದೊಂದು ಸಾಲು ನೋಡುವುದರಿಂದ ವ್ಯಾಪಾರಕ್ಕೂ ಪ್ರಯೋಜನವಿದೆ.

ಮಳೆಗಾಲದ್ದು ಪ್ರತ್ಯೇಕ ಸಮಸ್ಯೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಲ್ಲಿ ನಿಂತ ಬೆಳಗಿನ ನಡಿಗೆ ಅಕ್ಟೋಬರಿನ ತನಕ ಮತ್ತೆ ಆರಂಭವಾಗದಿರುವುದು ಸಾಮಾನ್ಯ. ಆ ನಾಲ್ಕು ತಿಂಗಳಲ್ಲಿ ಗಳಿಸಿದ್ದೆಲ್ಲ ಕರಗುತ್ತದೆ. ಅಡಿಕೆ, ಗೊಬ್ಬರ, ಸಿಮೆಂಟು ವ್ಯಾಪಾರಿಗಳಿಗೆ ಇಲ್ಲೊಂದು ಅನುಕೂಲವಿದೆ: ಅವರಿಗೆ ಗೋದಾಮುಗಳಿವೆ. ಅರವತ್ತು ಅಡಿ ಉದ್ದದ ಗೋದಾಮಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 55 ಸಲ ನಡೆದರೆ ಒಂದು ಕಿಲೋಮೀಟರ್ ಆಗುತ್ತದೆ. ಹನ್ನೆರಡು ಹದಿಮೂರು ನಿಮಿಷದ ಕೆಲಸ. ಬೆಳಗ್ಗೆ ಬಾಗಿಲು ತೆರೆದೊಡನೆ ಒಂದು ಸಲ, ಮಧ್ಯಾಹ್ನ ಊಟದ ಬಳಿಕ ಸ್ವಲ್ಪ ಹೊತ್ತು ಬಿಟ್ಟು ಒಂದು ಸಲ ನಡೆದರೆ ಆ ದಿನದ ಲೆಕ್ಕ ಸಂದಂತೆ. ಸಿಮೆಂಟಿನ, ಗೊಬ್ಬರದ ಧೂಳಿರುವ ಕಡೆ ಮಾತ್ರ ಇದು ಬೇಡ.

ಸ್ಥಳವೇ ಇಲ್ಲದ ಸಣ್ಣ ಅಂಗಡಿಯವರಿಗೆ ಬೇರೊಂದು ಉಪಾಯವಿದೆ. ಗೋಡೆಗೆ ಬೆನ್ನು ಆನಿಸಿ, ಕುರ್ಚಿಯಿಲ್ಲದೆಯೇ ಕುರ್ಚಿಯ ಮೇಲೆ ಕುಳಿತ ಭಂಗಿಯಲ್ಲಿ ಮೊಣಕಾಲು ಬಗ್ಗಿಸಿ ಎರಡು ನಿಮಿಷ ನಿಲ್ಲುವುದು, ಎರಡು ನಿಮಿಷ ವಿಶ್ರಮಿಸುವುದು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. 2023ರಲ್ಲಿ ಬ್ರಿಟನ್ನಿನ ಸಂಶೋಧಕರು 270 ಪರೀಕ್ಷೆಗಳನ್ನು ತುಲನೆ ಮಾಡಿದಾಗ, ಚಲನೆಯಿಲ್ಲದೆ ಸ್ನಾಯುವನ್ನು ಬಿಗಿಹಿಡಿಯುವ ಇಂತಹ ವ್ಯಾಯಾಮದಿಂದ ಮೇಲಿನ ಅಂಕಿ ಸರಾಸರಿ 8ರಷ್ಟೂ, ನಡಿಗೆ ಓಟಗಳಿಂದ ನಾಲ್ಕೂವರೆಯಷ್ಟೂ ಇಳಿದುದು ಕಂಡುಬಂದಿತು. ಇದು ಅಧಿಕ ರಕ್ತದೊತ್ತಡ ಇಲ್ಲದವರನ್ನೂ ಸೇರಿಸಿದ ಸರಾಸರಿ. ಆರಂಭದಲ್ಲಿ ಮೊಣಕಾಲನ್ನು ಸ್ವಲ್ಪವೇ ಬಗ್ಗಿಸಿ ಅರ್ಧ ನಿಮಿಷ ನಿಂತರೆ ಸಾಕು. ಉಸಿರನ್ನು ಮಾತ್ರ ಎಂದಿಗೂ ಹಿಡಿಯಬಾರದು. ಹಿಡಿದರೆ ಆ ಕ್ಷಣಕ್ಕೆ ಒತ್ತಡ ವಿಪರೀತ ಏರುತ್ತದೆ. ಮೊಣಕಾಲು ನೋವಿರುವವರಿಗೂ ಒತ್ತಡ ಹತೋಟಿಗೆ ಬಾರದವರಿಗೂ ಇದು ವೈದ್ಯರನ್ನು ಕೇಳಿ ಮಾಡಬೇಕಾದದ್ದು.

ಕೆಲವು ತಪ್ಪು ತಿಳಿವಳಿಕೆಗಳು

"ನಮಗೆ ತೋಟವಿದೆ, ಬೇರೆ ವ್ಯಾಯಾಮ ಯಾಕೆ?" ಎನ್ನುವವರು ನಮ್ಮಲ್ಲಿ ಬಹಳ. ತೋಟದಲ್ಲಿ ಸ್ವತಃ ಗೊಬ್ಬರ ಹೊತ್ತು, ಸ್ಪ್ರಿಂಕ್ಲರ್ ಬದಲಿಸಿ, ಗುಡ್ಡ ಹತ್ತಿ ಇಳಿಯುವವರಿಗೆ ಆ ಮಾತು ಒಪ್ಪುತ್ತದೆ. ಜೀಪಿನಲ್ಲಿ ಹೋಗಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಆಳುಗಳ ಲೆಕ್ಕ ನೋಡಿ ಬರುವುದು ತೋಟದ ಕೆಲಸವಾದೀತೇ ಹೊರತು ದೇಹದ ಕೆಲಸವಾಗದು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು, ಮೂಟೆ ಹೊರುವವರಿಗೆ ಬಿ.ಪಿ. ಬಾರದೆಂಬುದು. ದಿನವಿಡೀ ಭಾರ ಎತ್ತುವ ಶ್ರಮವೂ ಬಿಡುವಿನ ವೇಳೆಯ ನಡಿಗೆಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲವೆಂದು ಡೆನ್ಮಾರ್ಕ್ ಮೊದಲಾದ ದೇಶಗಳ ಅಧ್ಯಯನಗಳು ಹೇಳುತ್ತವೆ. ಭಾರ ಎತ್ತಿದಾಗಲೆಲ್ಲ ಒತ್ತಡ ಏರುತ್ತದೆ. ನಡುವೆ ವಿಶ್ರಾಂತಿ ಇಲ್ಲದಿದ್ದರೆ ಅದು ದಿನವಿಡೀ ಏರಿಯೇ ಇರುತ್ತದೆ. ಆದುದರಿಂದ ತಮ್ಮ ರಕ್ತದೊತ್ತಡವನ್ನು ಅಳೆಯಿಸುವ ಮಾಲೀಕರು ಹಮಾಲಿಗಳದ್ದನ್ನೂ ಅಳೆಯಿಸುವುದು ಉಚಿತ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಕೇವಲ ಅರ್ಧ ದಿನದ ಬಿಡುವು ಕೊಟ್ಟರಾಯಿತು.

ಜವಳಿ ಅಂಗಡಿಗಳ ಮಾರಾಟ ಸಹಾಯಕಿಯರ ಸ್ಥಿತಿ ಬೇರೆಯೇ. ಅವರು ದಿನವಿಡೀ ನಿಂತಿರುತ್ತಾರೆ. ಅಲುಗಾಡದೆ ನಿಲ್ಲುವುದೂ ನಡಿಗೆಯಲ್ಲ. ಅದರಿಂದ ಕಾಲಿನಲ್ಲಿ ರಕ್ತ ತಂಗುತ್ತದೆ, ನರ ಉಬ್ಬುತ್ತದೆ. ನೆರೆಯ ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಅಂಗಡಿ ನೌಕರರಿಗೆ ಆಸನ ಒದಗಿಸಬೇಕೆಂದು ಕಾಯಿದೆಗೆ ತಿದ್ದುಪಡಿ ತಂದವು. ಮಾಲೀಕನು ಆಗಾಗ ಏಳಬೇಕು, ಸಹಾಯಕಿಯು ಆಗಾಗ ಕುಳ್ಳಬೇಕು. ಒಂದೇ ಅಂಗಡಿಯಲ್ಲಿ ಇಬ್ಬರಿಗೂ ಒಪ್ಪುವ ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ.

ಉಪ್ಪಿನ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ. ದಿನಕ್ಕೆ ಐದು ಗ್ರಾಮಿನ ಮಿತಿಯೊಳಗೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಇರುವ ಊರಿನಲ್ಲಿ ಆ ಚಮಚ ಬೇಗ ತುಂಬುತ್ತದೆ. ವೀಳ್ಯದ ಜೊತೆ ಹೊಗೆಸೊಪ್ಪು ಹಾಕುವವರಲ್ಲಿ ಪ್ರತಿ ಸಲವೂ ನಾಡಿಯ ವೇಗ ಮತ್ತು ರಕ್ತದೊತ್ತಡ ಏರುತ್ತವೆಂಬುದನ್ನೂ ಹೇಳಿ ಮುಂದುವರಿಯುತ್ತೇವೆ.

ಎಚ್ಚರಿಕೆ

ನಡಿಗೆ ಆರಂಭಿಸಿದ ಉತ್ಸಾಹದಲ್ಲಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯಕರ. ಅಂಕಿಗಳು ಇಳಿದು ನಿಂತರೆ ಪ್ರಮಾಣವನ್ನು ಕಡಿಮೆ ಮಾಡಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ವಿಶ್ರಾಂತಿಯಲ್ಲಿರುವಾಗಲೇ ಮೇಲಿನ ಅಂಕಿ 160ಕ್ಕಿಂತ ಹೆಚ್ಚಿರುವವರು ಓಟ, ಭಾರ ಎತ್ತುವುದು, ಬೆಟ್ಟ ಹತ್ತುವುದು ಇವನ್ನು ಒತ್ತಡ ಹತೋಟಿಗೆ ಬರುವವರೆಗೆ ಮುಂದೂಡಬೇಕು. ಗೆಳೆಯರು ಕರೆದರೆಂದು ನೇರವಾಗಿ ಕುಮಾರಪರ್ವತಕ್ಕೆ ಹೊರಡುವುದು ಅವರಿಗೆ ತಕ್ಕುದಲ್ಲ. ಮೇಲಿನ ಅಂಕಿ 180, ಕೆಳಗಿನದು 120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಕೈಕಾಲಿನ ಬಲಹೀನತೆ ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಅಂಕಿ ಕಡಿಮೆಯಿದ್ದರೂ ಆ ಲಕ್ಷಣಗಳಿದ್ದರೆ ತಡಮಾಡಬಾರದು. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ಸೇವಿಸುವವರಲ್ಲಿ ನಾಡಿಯ ವೇಗ ಹೆಚ್ಚು ಏರುವುದಿಲ್ಲವಾದುದರಿಂದ, ಅವರು ಕೈಗಡಿಯಾರದ ನಾಡಿ ಲೆಕ್ಕಕ್ಕಿಂತ ಮೇಲೆ ಹೇಳಿದ ಮಾತು–ಹಾಡಿನ ಪರೀಕ್ಷೆಯನ್ನು ನಂಬುವುದು ಲೇಸು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಸಬೇಕು, ಮತ್ತು ಬಿರುಸಿನ ನಡಿಗೆಯಿಂದ ಥಟ್ಟನೆ ನಿಲ್ಲದೆ ನಿಧಾನವಾಗಿ ನಿಲ್ಲಬೇಕು. ಇಲ್ಲವಾದರೆ ತಲೆ ತಿರುಗುವುದುಂಟು.

ಇನ್ನು ಅಳತೆಯ ವಿಷಯ. ತೂಕದಲ್ಲಿ ಹತ್ತು ಗ್ರಾಂ ವ್ಯತ್ಯಾಸವನ್ನು ಸಹಿಸದ ನಾವು ರಕ್ತದೊತ್ತಡವನ್ನು ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೋದ ಏದುಸಿರಿನಲ್ಲೇ ಅಳೆಯಿಸಿಕೊಳ್ಳುತ್ತೇವೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆಧಾರವಿರಬೇಕು, ಪಾದಗಳೆರಡೂ ನೆಲದ ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮಾತು ಬೇಡ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಧೂಮಪಾನ, ನಡಿಗೆ ಯಾವುದೂ ಆಗಿರಬಾರದು. ಮನೆಗೆ ಯಂತ್ರ ಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದನ್ನು ಬಿಟ್ಟು ತೋಳಿಗೆ ಕಟ್ಟುವುದನ್ನು ಆರಿಸಬೇಕು. ತೋಳಿನ ಗಾತ್ರಕ್ಕೆ ಪಟ್ಟಿ ಸರಿಹೊಂದದಿದ್ದರೆ ಅಂಕಿ ತಪ್ಪುತ್ತದೆ. ಮನೆಯಲ್ಲಿ ಅಳೆದಾಗಿನ ಗೆರೆ 135/85, ಆಸ್ಪತ್ರೆಯದಕ್ಕಿಂತ ಸ್ವಲ್ಪ ಕೆಳಗೆ.

ವೈದ್ಯರ ಭೇಟಿಗೆ ಮೊದಲಿನ ಏಳು ದಿನ, ಬೆಳಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ರಾತ್ರಿ ಎರಡು ಸಲ ಅಳೆದು, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಅದೇ ಪುಟದ ಬದಿಯಲ್ಲಿ ಆ ದಿನ ಎಷ್ಟು ನಿಮಿಷ ನಡೆದದ್ದು, ಅಂಗಡಿಯಲ್ಲಿ ಎಷ್ಟು ಸಲ ಎದ್ದದ್ದು ಎಂಬ ಎರಡು ಅಂಕಣಗಳನ್ನೂ ಗೀಟು ಹಾಕಿಕೊಂಡರೆ, ಮಾತ್ರೆ ಬದಲಿಸಬೇಕೇ, ಕುರ್ಚಿಯ ಅಭ್ಯಾಸ ಬದಲಿಸಬೇಕೇ ಎಂಬುದನ್ನು ಆ ಪುಸ್ತಕವನ್ನು ನೋಡಿಯೇ ವೈದ್ಯರು ಹೇಳಬಲ್ಲರು.